ಹಾಸ್ಯದೊಳಗೊಂದು ಅಂಗಡಿ

ಆಪರೇಷನ್ ಥಿಯೇಟರಿನಲ್ಲಿ ರೋಗಿಯ ಹೊಟ್ಟೆ ಕೊಯ್ದು ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಮೇಲೆ, ನೋಡುವವರ ಗ್ಯಾಲರಿಯಲ್ಲಿ ಇಬ್ಬರು ಗೆಳೆಯರು. ಒಬ್ಬ ಸಿನಿಮಾ ನೋಡಲು ಬಂದವನ ಹಾಗೆ ಪೆಪ್ಪರ್‌ಮಿಂಟ್ ಚಾಕೊಲೇಟ್ ಮೆಲ್ಲುತ್ತಿದ್ದಾನೆ. ಪಕ್ಕದವನಿಗೂ ತಿನ್ನು, ತಿನ್ನು ಎಂದು ದುಂಬಾಲು ಬಿದ್ದಿದ್ದಾನೆ. ಅವನು ಬೇಡವೆಂದು ಕೈ ತಳ್ಳುತ್ತಾನೆ. ಚಾಕೊಲೇಟ್ ಚಿಮ್ಮಿ, ಗಾಳಿಯಲ್ಲಿ ಗಿರಗಿರ ತಿರುಗಿ, ನೆಟ್ಟಗೆ ಹೋಗಿ ರೋಗಿಯ ಹೊಟ್ಟೆಯೊಳಗೆ ಬೀಳುತ್ತದೆ!

ಇದು 1993ರ ಮಾರ್ಚ್ 18ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾದ ‘ಸೈನ್‌ಫೆಲ್ಡ್’ ಧಾರಾವಾಹಿಯ ಕಂತು. ಗೆಳೆಯರು ಜೆರ್ರಿ ಮತ್ತು ಕ್ರೇಮರ್. ಚಾಕೊಲೇಟಿನ ಹೆಸರು ಜೂನಿಯರ್ ಮಿಂಟ್ಸ್. ಅದು ಕಥೆಗಾಗಿ ಹುಟ್ಟಿಸಿದ ಹೆಸರಲ್ಲ, 1949ರಿಂದ ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತಿರುವ ನಿಜವಾದ ಸರಕು. ಕಂತಿನ ಹೆಸರಿನಲ್ಲೂ ಅದೇ, ಮಾತಿನಲ್ಲೂ ಅದೇ, ಕೊನೆಗೆ ರೋಗಿ ಪವಾಡದಂತೆ ಬದುಕಿ ಉಳಿದನಲ್ಲ, ಆ ಪವಾಡದ ಹಿಂದಿನ ಗುಟ್ಟೂ ಅದೇ. ಒಂದು ಕಂಪನಿ ಇಂಥ ಪ್ರಚಾರಕ್ಕೆ ಎಷ್ಟು ಸುರಿದಿರಬಹುದು? ಒಂದು ಡಾಲರನ್ನೂ ಸುರಿದಿರಲಿಲ್ಲ! ಬರೆದವರಿಗೆ ಆ ಚಾಕೊಲೇಟ್ ನಗು ತರಿಸುವಂತೆ ಕಂಡಿತು, ಬರೆದರು, ಅಷ್ಟೇ.

ಅಚ್ಚರಿ ಇಲ್ಲಿಗೆ ಮುಗಿಯಲಿಲ್ಲ. ಜೂನಿಯರ್ ಮಿಂಟ್ ಗುಂಡಿಯಷ್ಟು ಚಿಕ್ಕದು, ಗಾಳಿಯಲ್ಲಿ ಹಾರಿದರೆ ಕ್ಯಾಮೆರಾ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಚಿತ್ರೀಕರಣದಲ್ಲಿ ಹಾರಿಸಿದ್ದು ಅದಕ್ಕಿಂತ ದೊಡ್ಡದಾದ ಯಾರ್ಕ್ ಪೆಪ್ಪರ್‌ಮಿಂಟ್ ಪ್ಯಾಟಿ. ಅಂದರೆ ಕೋಟ್ಯಂತರ ಜನ ನೋಡಿದ್ದು ಒಂದು ಬ್ರ್ಯಾಂಡನ್ನು, ನೆನಪಿಟ್ಟುಕೊಂಡಿದ್ದು ಇನ್ನೊಂದನ್ನು! ಹಾರಿದವನಿಗೆ ಹೆಸರಿಲ್ಲ, ಹೆಸರು ಬಂದವನು ಹಾರಲೇ ಇಲ್ಲ. ನೋಡುಗನ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ಸಿಕ್ಕೀತೇ?

ಕಥೆಯೊಳಗೇ ಸರಕನ್ನು ತಂದು ಕೂರಿಸುವ ಈ ಕಲೆಗೆ ಉದ್ಯಮದವರು ಪ್ರಾಡಕ್ಟ್ ಪ್ಲೇಸ್‌ಮೆಂಟ್ ಎನ್ನುತ್ತಾರೆ. ನಮ್ಮ ರಿಯಾಲಿಟಿ ಶೋಗಳಲ್ಲಿ ತೀರ್ಪುಗಾರರ ಮೇಜಿನ ಮೇಲೆ ಹೆಸರು ಕಾಣುವಂತೆ ತಿರುಗಿಸಿಟ್ಟ ಡಬ್ಬಿ, ಬಾಟಲಿಗಳನ್ನು ನೀವು ನೋಡಿಯೇ ಇರುತ್ತೀರಿ. ಆದರೆ ಈ ಕಲೆಯ ನಿಜವಾದ ಗರಡಿಮನೆ ಅಮೆರಿಕದ ಹಾಸ್ಯ ಧಾರಾವಾಹಿ. ಅಲ್ಲಿ ಹತ್ತಿರತ್ತಿರ ನೂರು ವರ್ಷದಿಂದ ನಗು ಮತ್ತು ವ್ಯಾಪಾರ ಒಂದೇ ಸೂರಿನಡಿ ಸಂಸಾರ ಮಾಡುತ್ತಿವೆ. ಮತ್ತು ಆ ಮನೆಯ ಒಂದೊಂದು ಕೋಣೆಯಲ್ಲೂ ಎಂಥೆಂಥ ಬೆರಗುಗಳಿವೆ!

ರೇಡಿಯೊ ಕಾಲಕ್ಕೆ ಹೋಗೋಣ. 1934ರಲ್ಲಿ ಹಾಸ್ಯಗಾರ ಜ್ಯಾಕ್ ಬೆನ್ನಿಗೆ ಜೆಲ್-ಓ ಎಂಬ ಸಿಹಿ ಜೆಲ್ಲಿ ಪುಡಿಯ ಪ್ರಾಯೋಜಕತ್ವ ಸಿಕ್ಕಿತು. ಆತ ವಾರವಾರ ಕೇಳುಗರಿಗೆ ನಮಸ್ಕಾರ ಹೇಳುತ್ತಿದ್ದದ್ದೇ ಆ ಪುಡಿಯ ಹೆಸರಿನಿಂದ! ಪ್ರಾಯೋಜಕರನ್ನೇ ಗೇಲಿ ಮಾಡುವ ಧೈರ್ಯವೂ ಅವನಿಗಿತ್ತು. ಅದಕ್ಕೂ ಮೊದಲು ಅವನ ಪ್ರಾಯೋಜಕನಾಗಿದ್ದ ಕೆನಡಾ ಡ್ರೈ ಎಂಬ ಪಾನೀಯದ ಕಂಪನಿಗೆ ಆ ಗೇಲಿ ಹಿಡಿಸಿರಲಿಲ್ಲ. ಜನಕ್ಕೆ ಮಾತ್ರ ಬಹಳ ಹಿಡಿಸಿತು. ಜೆಲ್-ಓ ಎಷ್ಟು ಖರ್ಚಾಯಿತೆಂದರೆ, ಯುದ್ಧಕಾಲದಲ್ಲಿ ಸಕ್ಕರೆಗೆ ಪಡಿತರ ಬಂದು ಬೇಡಿಕೆ ಪೂರೈಸಲಾಗದೆ, 1942ರಲ್ಲಿ ಮಾಲೀಕ ಕಂಪನಿ ಅದೇ ಕಾರ್ಯಕ್ರಮಕ್ಕೆ ತನ್ನ ಇನ್ನೊಂದು ಸರಕನ್ನು ತಂದು ಕೂರಿಸಿತು. ಮಾರಾಟ ಹೆಚ್ಚಾದದ್ದಕ್ಕೆ ಜಾಹೀರಾತು ನಿಲ್ಲಿಸಬೇಕಾಗಿ ಬಂದ ಕಥೆ ಇದು!

ಟೆಲಿವಿಷನ್ ಬಂತು. ಜಾರ್ಜ್ ಬರ್ನ್ಸ್ ಮತ್ತು ಗ್ರೇಸಿ ಆಲನ್ ದಂಪತಿಯ ಧಾರಾವಾಹಿಗೆ ಕಾರ್ನೇಷನ್ ಡಬ್ಬಿ ಹಾಲಿನ ಕಂಪನಿ ಪ್ರಾಯೋಜಕ. ನಿರೂಪಕ ಹ್ಯಾರಿ ವಾನ್ ಜೆಲ್ ಆ ಮನೆಗೆ ಬಂದುಹೋಗುವ ಸ್ನೇಹಿತನ ಪಾತ್ರದಲ್ಲೇ ಇರುತ್ತಿದ್ದ, ಮಾತಿನ ನಡುವೆ ಹಾಲಿನ ಡಬ್ಬಿ ಸಲೀಸಾಗಿ ಸುಳಿದುಹೋಗುತ್ತಿತ್ತು. ಗ್ರೇಸಿಗೆ ಒಂದೇ ಚಿಂತೆ: ಕಾರ್ನೇಷನ್ ಹೂವಿನಿಂದ ಇವರು ಹಾಲು ಕರೆಯುವುದಾದರೂ ಹೇಗೆ? ಜಾಹೀರಾತೇ ಜೋಕು, ಜೋಕೇ ಜಾಹೀರಾತು. ಎಲ್ಲಿ ಕಥೆ ಮುಗಿದು ಎಲ್ಲಿ ಮಾರಾಟ ಶುರುವಾಯಿತು ಎಂದು ಗೆರೆ ಎಳೆಯಲು ಸಾಧ್ಯವೇ ಇಲ್ಲ.

ಈಗ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ ಸಂಗತಿ. ‘ಐ ಲವ್ ಲೂಸಿ’ ನೋಡಿದವರಿಗೆಲ್ಲ ಅದರ ಆರಂಭದ ಚಿತ್ರ ನೆನಪಿರುತ್ತದೆ: ಮಡಿಕೆ ಮಡಿಕೆಯಾದ ಸ್ಯಾಟಿನ್ ಬಟ್ಟೆ, ಅದರ ಮೇಲೊಂದು ಹೃದಯ, ಅದರೊಳಗೆ ಹೆಸರು. 1951ರಲ್ಲಿ ಧಾರಾವಾಹಿ ಶುರುವಾದಾಗ ಆ ಹೃದಯ ಅಲ್ಲಿರಲೇ ಇಲ್ಲ! ಅಲ್ಲಿದ್ದದ್ದು ಪ್ರಾಯೋಜಕ ಫಿಲಿಪ್ ಮಾರಿಸ್ ಕಂಪನಿಯ ದೈತ್ಯ ಸಿಗರೇಟ್ ಪ್ಯಾಕು, ಅದರ ಸುತ್ತ ಕುಣಿಯುವ, ಕಥೆಯ ದಂಪತಿ ಲೂಸಿ ಮತ್ತು ರಿಕಿಯ ಕಡ್ಡಿಗೊಂಬೆಗಳು. ಮುಂದೆ ಮರುಪ್ರಸಾರದ ಕಾಲ ಬಂದಾಗ ಆ ಪ್ರಾಯೋಜಕನಿರಲಿಲ್ಲ, ಪ್ಯಾಕಿನ ಚಿತ್ರ ತೆಗೆಯಬೇಕಾಯಿತು, ಆ ಜಾಗ ತುಂಬಲು ಹೃದಯ ಬಂತು. ಅರ್ಧ ಜಗತ್ತು ಪ್ರೀತಿಯ ಗುರುತೆಂದು ನೆನಪಿಟ್ಟುಕೊಂಡಿರುವ ಆ ಹೃದಯ ಒಂದು ಸಿಗರೇಟ್ ಪ್ಯಾಕನ್ನು ಮುಚ್ಚಲು ಹಾಕಿದ ತೇಪೆ!

1960ರಲ್ಲಿ ಬಂದ ‘ಫ್ಲಿಂಟ್‌ಸ್ಟೋನ್ಸ್’ ಕಾರ್ಟೂನಿನಲ್ಲಂತೂ ಶಿಲಾಯುಗದ ಫ್ರೆಡ್ ಮತ್ತು ಬಾರ್ನಿ, ಹೆಂಡತಿಯರು ಮನೆಗೆಲಸದಲ್ಲಿ ಬೆವರು ಸುರಿಸುತ್ತಿದ್ದರೆ, ಹಿತ್ತಲಿಗೆ ಜಾರಿಕೊಂಡು ವಿನ್‌ಸ್ಟನ್ ಸಿಗರೇಟ್ ಹಚ್ಚಿ ಅದರ ರುಚಿ ಹೊಗಳುತ್ತಿದ್ದರು. ಇಂದು ಮಕ್ಕಳ ವಿಟಮಿನ್ ಮಾತ್ರೆಯ ಡಬ್ಬಿಯ ಮೇಲಿರುವ ಅದೇ ಮುಖಗಳು! ಅಮೆರಿಕದ ಟೆಲಿವಿಷನ್ನಿನಲ್ಲಿ ಸಿಗರೇಟ್ ಜಾಹೀರಾತು ನಿಂತದ್ದು 1971ರ ಜನವರಿಯಲ್ಲಿ.

ಅಷ್ಟು ಹೊತ್ತಿಗೆ ಒಬ್ಬನೇ ಪ್ರಾಯೋಜಕ ಇಡೀ ಕಾರ್ಯಕ್ರಮವನ್ನು ಕೊಳ್ಳುವ ಪದ್ಧತಿ ಹಿಂದೆ ಸರಿದಿತ್ತು. ಜಾಹೀರಾತು ಬ್ರೇಕಿನಲ್ಲಿ ಬರತೊಡಗಿತು, ಕಥೆಯೊಳಗಿನ ಡಬ್ಬಿಗಳ ಹೆಸರಿನ ಮೇಲೆ ಟೇಪು ಬಿತ್ತು. ಆಮೇಲೆ ಬಂತು ರಿಮೋಟು. 1999ರಲ್ಲಿ ಟಿವೊ ಎಂಬ ಪೆಟ್ಟಿಗೆ ಬಂತು, ಕಾರ್ಯಕ್ರಮವನ್ನು ಮುದ್ರಿಸಿಟ್ಟುಕೊಂಡು ಬ್ರೇಕುಗಳನ್ನು ಹಾರಿಸಿಕೊಂಡು ನೋಡುವ ಸುಖ ಜನಕ್ಕೆ ಹತ್ತಿತು. ವ್ಯಾಪಾರಿಗಳಿಗೆ ದಿಗಿಲು ಹತ್ತಿತು. ಬ್ರೇಕನ್ನು ಹಾರಿಸಬಹುದು, ಕಥೆಯನ್ನು ಹಾರಿಸಲಾದೀತೆ? ಸರಕುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಮತ್ತೆ ಕಥೆಯ ಮನೆಗೇ ವಾಪಸು ಬಂದವು.

ವಾಪಸು ಬಂದಾಗ ನೋಡುಗ ಬದಲಾಗಿದ್ದ. ಅವನಿಗೆ ಎಲ್ಲವೂ ಗೊತ್ತಾಗುತ್ತಿತ್ತು. ನಾಯಕಿಯ ಕೈಯಲ್ಲಿರುವ ಫೋನು ಯಾಕೆ ಹಾಗೆ ತಿರುಗಿದೆ ಎಂದು ಅವನು ಹೇಳಬಲ್ಲ. ಇಂಥ ಹುಷಾರು ನೋಡುಗನನ್ನು ಹೇಗೆ ಒಲಿಸಿಕೊಳ್ಳುವುದು? ಹಾಸ್ಯ ಬರಹಗಾರ್ತಿ, ನಟಿ ಟೀನಾ ಫೇ ಕಂಡುಕೊಂಡ ಉತ್ತರ: ಮುಚ್ಚುಮರೆಯನ್ನೇ ಬಿಟ್ಟುಬಿಡುವುದು!

ಆಕೆಯ ‘30 ರಾಕ್’ ಧಾರಾವಾಹಿಯ 2006ರ ನವೆಂಬರಿನ ಒಂದು ಕಂತಿನಲ್ಲಿ ಮೇಲಧಿಕಾರಿ ಬಂದು, ಕಾರ್ಯಕ್ರಮದಲ್ಲಿ ಕಂಪನಿಯ ಸರಕುಗಳನ್ನು ತೋರಿಸಿ ಎನ್ನುತ್ತಾನೆ. ಛೆ, ಅಂಥ ಕೆಲಸಕ್ಕೆ ಇಳಿಯುವುದಿಲ್ಲ ಎಂದು ಬರಹಗಾರರು ಸಿಟ್ಟಾಗುತ್ತಾರೆ. ಸಿಟ್ಟಾಗುತ್ತಲೇ ಎಲ್ಲರೂ ಸ್ನ್ಯಾಪಲ್ ಎಂಬ ಪಾನೀಯ ಕುಡಿಯುತ್ತ ಅದರ ರುಚಿಯನ್ನು ಬಾಯ್ತುಂಬ ಹೊಗಳುತ್ತಾರೆ! ಮರುವರ್ಷ ಇನ್ನೂ ಒಂದು ಹೆಜ್ಜೆ ಮುಂದೆ: ವೆರೈಜನ್ ಫೋನ್ ಸೇವೆಯನ್ನು ಹೊಗಳಿ ಮುಗಿಸಿದ ಫೇ ಸೀದಾ ಕ್ಯಾಮೆರಾದತ್ತ ತಿರುಗಿ, ಈಗ ನಮ್ಮ ದುಡ್ಡು ಕೊಡ್ತೀರಾ ಎಂಬ ಅರ್ಥದಲ್ಲಿ ಕೇಳಿಯೇಬಿಡುತ್ತಾರೆ. ಜನ ಬಿದ್ದು ಬಿದ್ದು ನಕ್ಕರು. ಕದ್ದು ಮಾರಿದ್ದರೆ ಮುಖ ಸಿಂಡರಿಸುತ್ತಿದ್ದ ನೋಡುಗ, ಎದುರಿಗೇ ನಿಂತು ಮಾರಿದಾಗ ಚಪ್ಪಾಳೆ ತಟ್ಟಿದ.

ಆದರೆ ಒಮ್ಮೆ ಎಚ್ಚೆತ್ತ ಅನುಮಾನ ಸುಮ್ಮನೆ ಮಲಗುತ್ತದೆಯೇ? 2009ರ ಫೆಬ್ರವರಿಯಲ್ಲಿ ಅದೇ ಧಾರಾವಾಹಿಯ ಪ್ರೇಮಿಗಳ ದಿನದ ಕಂತಿನಲ್ಲಿ ಮೆಕ್‌ಡೊನಾಲ್ಡ್ಸ್‌ನ ಮೆಕ್‌ಫ್ಲರಿ ಐಸ್‌ಕ್ರೀಮಿನ ಗುಣಗಾನ ಬಂತು. ಇದು ಅತಿಯಾಯಿತು, ಇದಕ್ಕೆ ಎಷ್ಟು ಕೊಟ್ಟರೋ ಎಂದು ಟೀಕೆ ಎದ್ದಿತು. ಫೇ ಸ್ಪಷ್ಟನೆ ಕೊಡಬೇಕಾಯಿತು: ಆ ಕಂಪನಿಯಿಂದ ಒಂದು ಕಾಸೂ ಬಂದಿಲ್ಲ, ಬದಲಿಗೆ ಅವರೆಲ್ಲಿ ಮೊಕದ್ದಮೆ ಹೂಡುತ್ತಾರೋ ಎಂದೇ ನಮಗೆ ಅಳುಕಿತ್ತು! ‘ಮಾಡರ್ನ್ ಫ್ಯಾಮಿಲಿ’ಗೂ ಇದೇ ಗತಿ. 2010ರ ಮಾರ್ಚ್ 31ರ ಕಂತಿನಲ್ಲಿ ಅಪ್ಪ ಫಿಲ್ ತನ್ನ ಹುಟ್ಟುಹಬ್ಬದ ದಿನವೇ ಬಿಡುಗಡೆಯಾಗುವ ಐಪ್ಯಾಡಿಗಾಗಿ ಎಳೆಮಗುವಿನಂತೆ ಹಂಬಲಿಸುತ್ತಾನೆ. ನಿಜವಾದ ಐಪ್ಯಾಡ್ ಅಂಗಡಿಗೆ ಬಂದದ್ದು ಮೂರೇ ದಿನದ ನಂತರ, ಏಪ್ರಿಲ್ 3ಕ್ಕೆ. ನೋಡುಗರು ರೇಗಿದರು, ಇಡೀ ಕಂತನ್ನೇ ಮಾರಿಕೊಂಡರು ಎಂದರು. ಆ್ಯಪಲ್ ಇದಕ್ಕೆ ಹಣ ಕೊಟ್ಟಿರಲಿಲ್ಲ, ಯೋಚನೆ ಬರಹಗಾರರದ್ದೇ ಎಂದು ತಯಾರಕರು ವಿವರಿಸಬೇಕಾಯಿತು. ದುಡ್ಡು ಕೇಳಿದವರನ್ನು ನೋಡುಗ ಮನ್ನಿಸಿದ, ದುಡ್ಡು ಮುಟ್ಟದವರನ್ನು ಕಟಕಟೆಗೆ ನಿಲ್ಲಿಸಿದ! ಕೊಟ್ಟ ಹಣವೆಷ್ಟು ಎನ್ನುವುದಲ್ಲ, ತನ್ನನ್ನು ದಡ್ಡನೆಂದುಕೊಂಡರೇ ಎನ್ನುವುದು ಅವನನ್ನು ಕೆರಳಿಸುತ್ತದೆ.

ಹಾಗಾದರೆ ಕಣ್ಣಿಗೆ ಬೀಳದ ಸರಕು? ಅದು ಏನು ಮಾಡುತ್ತದೆ?

ಇಲ್ಲಿ ಪ್ರವೇಶಿಸುತ್ತಾರೆ ಕ್ರಿಸ್ಟೆಲ್ ರಸೆಲ್ ಎಂಬ ಸಂಶೋಧಕಿ. ಪ್ರಯೋಗಕ್ಕಾಗಿ ಆಕೆ ಒಂದು ಹಾಸ್ಯ ಧಾರಾವಾಹಿಯನ್ನೇ ಸೃಷ್ಟಿಸಿದರು! ಚಿತ್ರಕಥೆ ಬರೆಸಿ, ನಟರಿಂದ ಆಡಿಸಿ, ಚಿತ್ರೀಕರಿಸಿದರು. ಬೇರೆ ಬೇರೆ ಆವೃತ್ತಿಗಳಲ್ಲಿ ಸರಕಿನ ಜಾಗ ಮಾತ್ರ ಬೇರೆ. ಒಂದರಲ್ಲಿ ಅದು ಹಿನ್ನೆಲೆಯಲ್ಲಿ ಸುಮ್ಮನೆ ಕಾಣುತ್ತದೆ, ಇನ್ನೊಂದರಲ್ಲಿ ಪಾತ್ರಗಳ ಮಾತಿನಲ್ಲಿ ಬರುತ್ತದೆ, ಒಂದರಲ್ಲಿ ಕಥೆಗೆ ಅದು ಬೇಕೇ ಬೇಕು, ಇನ್ನೊಂದರಲ್ಲಿ ಇಲ್ಲದಿದ್ದರೂ ನಡೆಯುತ್ತದೆ. 2002ರಲ್ಲಿ ಪ್ರಕಟವಾದ ಫಲಿತಾಂಶ ಓದಿ ನಾನು ಕೂತಲ್ಲೇ ಬೆಚ್ಚಿದೆ. ಕಥೆಗೆ ಹೊಂದದೆ ಎದ್ದು ಕಾಣುವ ಸರಕನ್ನು ಜನ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ, ಆದರೆ ಅದಕ್ಕೆ ಮನಸೋಲುವುದಿಲ್ಲ. ಕಥೆಯೊಳಗೆ ಸಹಜವಾಗಿ ಬೆರೆತುಹೋದದ್ದು ಅಷ್ಟಾಗಿ ನೆನಪಿನಲ್ಲಿ ಉಳಿಯುವುದಿಲ್ಲ, ಮನಸ್ಸನ್ನು ಬದಲಿಸುವುದು ಮಾತ್ರ ಅದೇ! ನೆನಪೇ ಗೆಲುವು ಎಂದು ಲೆಕ್ಕ ಹಾಕುತ್ತಿದ್ದವರ ಲೆಕ್ಕವೆಲ್ಲ ತಲೆಕೆಳಗು.

ಆಕೆಯೇ ಬಾರ್ಬರಾ ಸ್ಟರ್ನ್ ಜೊತೆ 2006ರಲ್ಲಿ ಇನ್ನೊಂದು ಎಳೆ ಬಿಡಿಸಿದರು. ಧಾರಾವಾಹಿಯಲ್ಲಿ ನಮಗೆ ಇಷ್ಟವಾದ ಪಾತ್ರವೊಂದಿರುತ್ತದಲ್ಲ, ಅದಕ್ಕೆ ಆ ಸರಕಿನ ಬಗ್ಗೆ ಏನನ್ನಿಸುತ್ತದೋ ನಮ್ಮ ಮನಸ್ಸೂ ನಿಧಾನವಾಗಿ ಅತ್ತಲೇ ವಾಲುತ್ತದೆ. ‘ಫ್ರೆಂಡ್ಸ್’ ನೆನಪಿಸಿಕೊಳ್ಳಿ. 2000ದ ಜನವರಿ 6ರ ಕಂತಿನಲ್ಲಿ ರೇಚಲ್ ಪಾಟರಿ ಬಾರ್ನ್ ಅಂಗಡಿಯಿಂದ ಹಳೆಯ ಕಾಲದ ಔಷಧದಂಗಡಿ ಮಾದರಿಯ ಮೇಜೊಂದನ್ನು ತರುತ್ತಾಳೆ. ಕಾರ್ಖಾನೆಯಲ್ಲಿ ರಾಶಿ ರಾಶಿ ತಯಾರಾದ ಪೀಠೋಪಕರಣ ಕಂಡರೆ ಆಗದ ಗೆಳತಿ ಫೀಬಿಗೆ, ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕಿದ್ದು ಎಂದು ಸುಳ್ಳು ಹೇಳುತ್ತಾಳೆ. ಅಂಗಡಿಯನ್ನು ಬಯ್ಯುವ ಪಾತ್ರವೂ ಅಲ್ಲೇ ಇದೆ, ಆಸೆಪಡುವ ಪಾತ್ರವೂ ಅಲ್ಲೇ ಇದೆ, ಕೊನೆಗೆ ಬಯ್ಯುವವಳೇ ಅಂಗಡಿಯ ಕಿಟಕಿಯಲ್ಲಿ ದೀಪವೊಂದನ್ನು ಕಂಡು ಕರಗಿಹೋಗುತ್ತಾಳೆ! ನೋಡುಗ ಯಾರ ಪಕ್ಷ ಹಿಡಿದರೂ ಕೊನೆಗೆ ಬಂದು ನಿಲ್ಲುವುದು ಆ ಕಿಟಕಿಯ ಮುಂದೆಯೇ. ‘ಫ್ರೆಂಡ್ಸ್’ಗೆ 25 ವರ್ಷ ತುಂಬಿದ 2019ರಲ್ಲಿ ಆ ಕಂಪನಿ ಅದೇ ಮೇಜನ್ನು ಮತ್ತೆ ಮಾರಾಟಕ್ಕೆ ತಂದಿತು.

ಇಷ್ಟರವರೆಗೆ ನೋಡುಗನನ್ನು ಎಳೆದಾಡಿಸಿಕೊಳ್ಳುವವನಂತೆ ಕಂಡೆವು. ಈಗ ಆಟ ತಿರುಗುತ್ತದೆ, ಉಸಿರು ಬಿಗಿಹಿಡಿಯಿರಿ!

2009ರ ವಸಂತ. ‘ಚಕ್’ ಎಂಬ ಎನ್‌ಬಿಸಿ ಧಾರಾವಾಹಿ, ಎಲೆಕ್ಟ್ರಾನಿಕ್ ಅಂಗಡಿಯ ಸಾಮಾನ್ಯ ನೌಕರ ಆಕಸ್ಮಿಕವಾಗಿ ಗೂಢಚಾರನಾಗುವ ನಗೆಕಥೆ, ನೋಡುಗರ ಸಂಖ್ಯೆ ಕುಸಿದು ಮುಚ್ಚುವ ಹಂತಕ್ಕೆ ಬಂದಿತ್ತು. ಅಭಿಮಾನಿಗಳಿಗೆ ಕಳವಳ. ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆ? ವಾಹಿನಿಗೆ ಪತ್ರ ಬರೆಯುತ್ತಾರೆ, ಸಹಿ ಸಂಗ್ರಹಿಸುತ್ತಾರೆ. ಎರಡು ವರ್ಷ ಹಿಂದೆ ‘ಜೆರಿಕೊ’ ಎಂಬ ಇನ್ನೊಂದು ಧಾರಾವಾಹಿಯ ಅಭಿಮಾನಿಗಳು ಸಿಬಿಎಸ್ ವಾಹಿನಿಯ ಕಚೇರಿಗೆ ಟನ್‌ಗಟ್ಟಲೆ ಕಡಲೆಕಾಯಿ ಕಳಿಸಿದ್ದರು. ‘ಚಕ್’ ಅಭಿಮಾನಿಗಳಿಗೆ ಬೇರೆಯೇ ಯೋಚನೆ ಹೊಳೆಯಿತು. ವಾಹಿನಿಗೆ ಅನ್ನ ಹಾಕುವವನು ನೋಡುಗನಲ್ಲ, ಜಾಹೀರಾತುದಾರ. ಹಾಗಿದ್ದರೆ ಮಾತಾಡಬೇಕಾದ್ದು ಅವನ ಹತ್ತಿರ, ಅದೂ ಅವನಿಗೆ ಅರ್ಥವಾಗುವ ನೋಟಿನ ಭಾಷೆಯಲ್ಲಿ! ಧಾರಾವಾಹಿಯೊಳಗೆ ಸಬ್‌ವೇ ಸ್ಯಾಂಡ್‌ವಿಚ್ ಆಗಾಗ ಕಾಣಿಸಿಕೊಳ್ಳುತ್ತಿತ್ತು. ಸರಿ, ಸೀಸನ್ನಿನ ಕೊನೆಯ ಕಂತು ಪ್ರಸಾರವಾಗುವ ಏಪ್ರಿಲ್ 27ರಂದು ಎಲ್ಲರೂ ಸಬ್‌ವೇ ಅಂಗಡಿಗೆ ಹೋಗುವುದು, 5 ಡಾಲರಿನ ಒಂದಡಿ ಉದ್ದದ ಸ್ಯಾಂಡ್‌ವಿಚ್ ಕೊಳ್ಳುವುದು, ಅಭಿಪ್ರಾಯ ಬರೆಯುವ ಚೀಟಿಯಲ್ಲಿ ‘ಚಕ್’ಗಾಗಿ ಬಂದೆವು ಎಂದು ಬರೆದು ಹಾಕುವುದು.

ಹೋದರು! ಊರೂರಿನಲ್ಲಿ ಹೋದರು. ನಾಯಕ ನಟ ಜಕಾರಿ ಲೀವೈ ಆ ದಿನಗಳಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಭಿಮಾನಿಗಳ ಸಮಾವೇಶಕ್ಕೆ ಬಂದಿದ್ದ. ನೂರಾರು ಜನರನ್ನು ಹಿಂದಿಟ್ಟುಕೊಂಡು ಆತ ಮೆರವಣಿಗೆಯಂತೆ ಅಲ್ಲಿನ ಸಬ್‌ವೇಗೆ ನಡೆದ, ಕೌಂಟರಿನ ಹಿಂದೆ ಹೋಗಿ ನಿಂತ, ತಾನೇ ಕೈಯಾರೆ ಸ್ಯಾಂಡ್‌ವಿಚ್ ಮಾಡಿ ಬಡಿಸಿದ! ಮುಂದಿನ ತಿಂಗಳು ಎನ್‌ಬಿಸಿ ಪ್ರಕಟಣೆ ಬಂತು: ‘ಚಕ್’ ಮೂರನೇ ಸೀಸನ್ನಿಗೆ ಮುಂದುವರಿಯುತ್ತದೆ, ಸಬ್‌ವೇ ಅದರ ದೊಡ್ಡ ಪ್ರಾಯೋಜಕನಾಗಿ ಜೊತೆಗಿರುತ್ತದೆ. ಧಾರಾವಾಹಿ 2012ರ ಜನವರಿಯವರೆಗೆ, ಒಟ್ಟು 5 ಸೀಸನ್, 91 ಕಂತು ನಡೆಯಿತು. ಆಮೇಲಿನ ಕಂತುಗಳಲ್ಲಿ ಯಾರಾದರೂ ಸ್ಯಾಂಡ್‌ವಿಚ್ ಕಚ್ಚಿದರೆ ಅಭಿಮಾನಿ ಸಿಡುಕುತ್ತಿರಲಿಲ್ಲ, ಹೆಮ್ಮೆಪಡುತ್ತಿದ್ದ. ಆ ಸ್ಯಾಂಡ್‌ವಿಚ್ಚನ್ನು ತೆರೆಯ ಮೇಲೆ ಇಟ್ಟವನು ತಾನೇ ಎಂಬ ಹೆಮ್ಮೆ! ಜಾಹೀರಾತನ್ನು ಸಹಿಸಿಕೊಳ್ಳುವ ನೋಡುಗನನ್ನು ಕಂಡಿದ್ದೇವೆ. ಜಾಹೀರಾತುದಾರನನ್ನು ಕೈಹಿಡಿದು ಕಥೆಯ ಒಳಕ್ಕೆ ಕರೆತಂದ ನೋಡುಗನನ್ನು ನಾನು ಕಂಡದ್ದು ಇಲ್ಲೇ.

ಆಮೇಲೆ ಹುಚ್ಚು ಕಲ್ಪನೆಗಳಿಗೆ ಮಿತಿಯೇ ಇರಲಿಲ್ಲ. 2012ರಲ್ಲಿ ‘ಕಮ್ಯುನಿಟಿ’ ಧಾರಾವಾಹಿ ಅದೇ ಸಬ್‌ವೇಯನ್ನು ಒಬ್ಬ ಮನುಷ್ಯನನ್ನಾಗಿ ಮಾಡಿತು! ಕಾಲೇಜಿನಲ್ಲಿ ಅಂಗಡಿ ನಡೆಸಲು ವಿದ್ಯಾರ್ಥಿಯ ಪಾಲಿರಬೇಕೆಂಬ ನಿಯಮ, ಹಾಗಾಗಿ ಕಂಪನಿಯನ್ನೇ ಹೊತ್ತು ನಡೆಯುವ, ಸಬ್‌ವೇ ಎಂದೇ ಹೆಸರಿನ ಯುವಕ ಕಾಲೇಜಿಗೆ ಸೇರುತ್ತಾನೆ. ವಿದ್ಯಾರ್ಥಿನಿಯೊಬ್ಬಳು ಅವನನ್ನು ಪ್ರೀತಿಸುತ್ತಾಳೆ, ಕಂಪನಿ ಅವನನ್ನು ಎತ್ತಿಕೊಂಡು ಹೋಗಿ ಇನ್ನೊಬ್ಬ ಸಬ್‌ವೇಯನ್ನು ತಂದು ನಿಲ್ಲಿಸುತ್ತದೆ. ‘ದಿ ಆಫೀಸ್’ನದು ಉಲ್ಟಾ ಪಯಣ. ಆ ಕಥೆಯ ಡಂಡರ್ ಮಿಫ್ಲಿನ್ ಎಂಬ ಕಾಗದದ ಕಂಪನಿ ಶುದ್ಧ ಕಲ್ಪನೆ. 2011ರಲ್ಲಿ ಕ್ವಿಲ್ ಎಂಬ ಕಚೇರಿ ಸಾಮಗ್ರಿ ಕಂಪನಿ ಆ ಹೆಸರಿನ ನಿಜವಾದ ಕಾಗದವನ್ನು ಮಾರತೊಡಗಿತು! ಅಂಗಡಿಯಿಂದ ಕಥೆಗೆ ಹೋಗುತ್ತಿದ್ದ ದಾರಿಯಲ್ಲಿ ಕಥೆಯೇ ಅಂಗಡಿಗೆ ಇಳಿದುಬಂತು.

ಅದೇ ವರ್ಷ ಇನ್ನೊಂದು ಬೆರಗು. ‘ಹೌ ಐ ಮೆಟ್ ಯುವರ್ ಮದರ್’ನ ಹಳೆಯ ಕಂತೊಂದು ಮರುಪ್ರಸಾರವಾಗುತ್ತಿದ್ದಾಗ ಚುರುಕುಗಣ್ಣಿನ ನೋಡುಗರು ದೃಶ್ಯದ ಹಿನ್ನೆಲೆಯಲ್ಲಿ ‘ಝೂಕೀಪರ್’ ಚಿತ್ರದ ಜಾಹೀರಾತು ಕಂಡರು. ಆ ಚಿತ್ರ ಬಿಡುಗಡೆಯಾದದ್ದು 2011ರಲ್ಲಿ. ಕಂತು ಚಿತ್ರೀಕರಣವಾದದ್ದು ಅದಕ್ಕೂ ಎಷ್ಟೋ ವರ್ಷ ಮೊದಲು! ಕಂಪ್ಯೂಟರಿನಿಂದ ಹಳೆಯ ದೃಶ್ಯದೊಳಗೆ ಹೊಸ ಜಾಹೀರಾತನ್ನು ಅಂಟಿಸಿದ್ದರು. ಪಾತ್ರಗಳು ಇನ್ನೂ ಹುಟ್ಟದ ಚಿತ್ರದ ಜಾಹೀರಾತಿನ ಮುಂದೆ ಕೂತು ಹರಟುತ್ತಿದ್ದವು. ಇದು ಮಾತ್ರ ನನಗೆ ಹಿಡಿಸುವುದಿಲ್ಲ. ಟೀನಾ ಫೇ ಎದುರಿಗೇ ಕೇಳಿದರು, ‘ಚಕ್’ ಅಭಿಮಾನಿಗಳು ತಾವಾಗಿ ಕೊಟ್ಟರು. ಇಲ್ಲಿ ನಮ್ಮ ನೆನಪಿನೊಳಕ್ಕೇ ಕೈ ಹಾಕಿದ್ದಾರೆ.

ದೊಡ್ಡವರಾದರೆ ಇದನ್ನೆಲ್ಲ ಗುರುತಿಸಿ ನಕ್ಕೇವು, ರೇಗೇವು. ಮಕ್ಕಳು? ಬ್ರಿಟನ್ನಿನಲ್ಲಿ ಸೂಸನ್ ಆಟಿ ಮತ್ತು ಚಾರ್ಲಿ ಲೂಯಿಸ್ ಎಂಬ ಸಂಶೋಧಕರು ಶಾಲಾಮಕ್ಕಳಿಗೆ ‘ಹೋಮ್ ಅಲೋನ್’ ಚಿತ್ರದ ಒಂದು ತುಣುಕು ತೋರಿಸಿದರು. ಕೆಲವು ಮಕ್ಕಳು ನೋಡಿದ ತುಣುಕಿನಲ್ಲಿ ಊಟದ ಮೇಜಿನ ಮೇಲೆ ಪೆಪ್ಸಿ ಚೆಲ್ಲುತ್ತದೆ, ಉಳಿದವರದ್ದರಲ್ಲಿ ಪೆಪ್ಸಿ ಇಲ್ಲ. ಆಮೇಲೆ ಪೆಪ್ಸಿ, ಕೋಕ್ ಎರಡನ್ನೂ ಮುಂದಿಟ್ಟರು. ಪೆಪ್ಸಿ ಕಂಡ ಮಕ್ಕಳ ಕೈ ಹೆಚ್ಚಾಗಿ ಪೆಪ್ಸಿಯತ್ತ ಹೋಯಿತು. ತುಣುಕಿನಲ್ಲಿ ಅದನ್ನು ಕಂಡ ನೆನಪು ಅವರಿಗಿತ್ತೋ ಇಲ್ಲವೋ ಎಂಬುದರಿಂದ ಏನೂ ವ್ಯತ್ಯಾಸವಾಗಲಿಲ್ಲ! 2004ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದ ಮೇಲೆ ನನ್ನ ಬೆರಗಿನ ಜೊತೆ ಒಂದು ಕಾಳಜಿಯೂ ಸೇರಿಕೊಂಡಿದೆ.

ಬ್ರಿಟನ್ನಿನಲ್ಲಿ 2011ರ ಫೆಬ್ರವರಿ 28ರಿಂದ ಪ್ಲೇಸ್‌ಮೆಂಟಿಗೆ ಅನುಮತಿ ಸಿಕ್ಕಿತು, ಒಂದು ಷರತ್ತಿನೊಂದಿಗೆ. ಅಲ್ಲೇ ತಯಾರಾಗುವ ಕಾರ್ಯಕ್ರಮದಲ್ಲಿ ದುಡ್ಡು ಪಡೆದು ಸರಕು ತೋರಿಸಿದ್ದರೆ ಶುರುವಿನಲ್ಲಿ, ಕೊನೆಯಲ್ಲಿ, ಪ್ರತಿ ಬ್ರೇಕಿನ ನಂತರ ತೆರೆಯ ಮೂಲೆಯಲ್ಲಿ ‘ಪಿ’ ಅಕ್ಷರದ ಗುರುತು ಬರಬೇಕು. ಮಕ್ಕಳ ಕಾರ್ಯಕ್ರಮಗಳಲ್ಲಿ ಪ್ಲೇಸ್‌ಮೆಂಟ್ ಪೂರ್ತಿ ನಿಷಿದ್ಧ. ನಮ್ಮಲ್ಲಿ 1994ರ ಕೇಬಲ್ ಟೆಲಿವಿಷನ್ ನಿಯಮಗಳು, ಜಾಹೀರಾತು ಕಾರ್ಯಕ್ರಮದಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕು ಎನ್ನುತ್ತವೆ. ಕಥೆಯೊಳಗೇ ಕರಗಿದ ಸರಕು ಬೇರೆಯಾಗಿ ಕಾಣುವುದು ಹೇಗೆ? ನಮ್ಮ ಕನ್ನಡ ವಾಹಿನಿಗಳು ಕಾನೂನು ಬರುವವರೆಗೆ ಕಾಯದೆ ಅಂಥದೊಂದು ಗುರುತನ್ನು ತಾವಾಗಿಯೇ ಹಾಕಲಿ, ‘ಪ್ರ’ ಎಂಬ ಒಂದೇ ಅಕ್ಷರ ಸಾಕು. ಅಲ್ಲಿಯವರೆಗೆ, ಮನೆಯಲ್ಲಿ ಮಕ್ಕಳ ಜೊತೆ ಕೂತು ಹಾಸ್ಯ ಕಾರ್ಯಕ್ರಮ ನೋಡುವವರು ನಗುವಿನ ನಡುವೆ ಒಮ್ಮೆ ನಿಲ್ಲಿಸಿ ಕೇಳಿ: ಆ ಮೇಜಿನ ಮೇಲಿರುವುದು ಏನು, ಅದನ್ನು ಅಲ್ಲಿ ಯಾರು ಇಟ್ಟರು?